ತಾತನ ಜೀಪಿನ ಚಾಸಿ ನಂಬರ್ ಎಲ್ಲಿ ಹುಡುಕಬೇಕು? ಆರ್‌ಸಿಯಲ್ಲಿ 6ಪಿಡಬ್ಲ್ಯು ಅಂತ ಇದೆ

ಆಲೆಮನೆ_ಜೀಪು (ಪಾಂಡವಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ತಗೊಂಡಿದ್ದ ಮಿಲಿಟರಿ ಡಿಸ್ಪೋಸಲ್ ಜೀಪು ಒಂದು ನಮ್ಮ ಆಲೆಮನೆ ಪಕ್ಕದ ಕೊಟ್ಟಿಗೆಯಲ್ಲಿದೆ. ಲೆಫ್ಟ್ ಹ್ಯಾಂಡ್ ಡ್ರೈವ್, ಪೆಟ್ರೋಲ್. ಕಬ್ಬಿನ ಟ್ರೈಲರ್ ಎಳೆದಿದೆ, ಮದುವೆಗೆ ಹೆಣ್ಣು ಕರ್ಕೊಂಡು ಬಂದಿದೆ, ವಿ.ಸಿ. ನಾಲೆ ಏರಿ ಮೇಲೆ ರಾತ್ರಿಯೆಲ್ಲ ನೀರು ಕಾಯಲು ಓಡಾಡಿದೆ. ಅಪ್ಪ ಹೋದ ಮೇಲೆ ನಿಂತುಹೋಯಿತು. ಈಗ ಅದನ್ನ ಓಡಿಸೋ ಹಾಗೆ ಮಾಡಿ, ವಿಂಟೇಜ್ ಅಂತ ನೋಂದಣಿ ಮಾಡಿಸಬೇಕು ಅಂತ ನನಗೂ ತಂಗಿಗೂ ಆಸೆ.

ತೊಂದರೆ ಏನಂದ್ರೆ ಚಾಸಿ ನಂಬರ್ ಸಿಗ್ತಿಲ್ಲ. ಆರ್‌ಸಿಯಲ್ಲಿ ತಯಾರಕರು ವಿಲ್ಲೀಸ್, ಚಾಸಿ ನಂಬರ್ 6ಪಿಡಬ್ಲ್ಯು 93×××, ಎಂಜಿನ್ ನಂಬರ್ ಎಂಬಿ ಅಂತ ಶುರು. ಎಂಜಿನ್ ನಂಬರ್ ಸಿಕ್ಕಿದೆ, ಆರ್‌ಸಿ ಜೊತೆ ತಾಳೆ ಆಗುತ್ತೆ. ಚಾಸಿದು ಮಾತ್ರ ಬಲಗಡೆ ಪೂರ್ತಿ ಉಜ್ಜಿ ನೋಡಿದೆ, ಎಂಜಿನ್ ಹಿಂದಿನ ತಗಡಿನ ಗೋಡೆ (ಫೈರ್‌ವಾಲ್) ನೋಡಿದೆ, ಹಿಂದೆ ಟೋ ಹುಕ್ ಹತ್ತಿರಾನೂ ನೋಡಿದೆ. ಇಂಟರ್ನೆಟ್ಟಲ್ಲಿ ನಂಬರ್ ಹಾಕಿದ್ರೆ ವಿವರ ಕೊಡೋ ಸೈಟ್‌ಗಳು ‘17 ಅಕ್ಷರ ಇಲ್ಲ’ ಅಂತ ವಾಪಸ್ ಕಳಿಸ್ತವೆ. ಮೈಸೂರಲ್ಲಿ ಒಬ್ಬರು ಬಂದು ನೋಡಿ, “ತುಕ್ಕು ತಿಂದು ಹೋಗಿದೆ, ಆರ್‌ಸಿಯಲ್ಲಿರೋದನ್ನೇ ಹೊಡೆದು ಕೊಡ್ತೀನಿ, ಅಂಕಿ ಹೊಡೆಯೋ ಪಂಚ್ ಸೆಟ್ ನನ್ನ ಹತ್ರಾನೇ ಇದೆ” ಅಂದರು. ಮನಸ್ಸು ಒಪ್ಪಲಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ನಿರ್ವಾಹಕ

ಮೇಲಿನ ಬರಹದಲ್ಲಿ ನಂಬರಿನ ಕೊನೆಯ ಮೂರು ಅಂಕಿ ನಾವು ಮರೆಸಿದ್ದೇವೆ. ಪೂರ್ತಿ ಚಾಸಿ ನಂಬರ್, ಆರ್‌ಸಿ ಫೋಟೊ ಯಾರೂ ಬಹಿರಂಗವಾಗಿ ಹಾಕಬೇಡಿ. ಅಂಥ ನಂಬರನ್ನು ಇನ್ನೊಂದು ಗಾಡಿಗೆ ಹೊಡೆದು ಮಾರುವವರು ಇದ್ದಾರೆ.

ಚಾಸಿ_ರೈಲ್ (ಮೈಸೂರು)

ಅಣ್ಣ, ಯಾವ ಪಂಚೂ ಮುಟ್ಟಿಸಬೇಡಿ. ನಿಮ್ಮ ಆರ್‌ಸಿಯಲ್ಲೇ ಉತ್ತರ ಇದೆ. ಅದು 6 ಅಲ್ಲ, ಇಂಗ್ಲಿಷಿನ ಜಿ. ಯಾರೋ ಬರೆಯುವಾಗ ಜಿ ಅಕ್ಷರವನ್ನ ಆರು ಅಂತ ಓದಿದ್ದಾರೆ. ಜಿಪಿಡಬ್ಲ್ಯು ಅಂದರೆ ಫೋರ್ಡ್ ಕಂಪನಿ ಮಾಡಿದ ಜೀಪು. ಎರಡನೇ ಮಹಾಯುದ್ಧದಲ್ಲಿ ವಿಲ್ಲೀಸ್ ಒಂದಕ್ಕೇ ಸೇನೆಗೆ ಬೇಕಾದಷ್ಟು ಜೀಪು ಮಾಡಿ ಕೊಡೋಕೆ ಆಗದೆ, ಅದೇ ವಿನ್ಯಾಸವನ್ನ ಫೋರ್ಡ್‌ಗೂ ಕೊಟ್ಟರು. ವಿಲ್ಲೀಸ್‌ನದು ಎಂಬಿ, ಸುಮಾರು 3.6 ಲಕ್ಷ. ಫೋರ್ಡ್‌ನದು ಜಿಪಿಡಬ್ಲ್ಯು, ಸುಮಾರು 2.77 ಲಕ್ಷ. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ಗೆ ಎರಡೂ ಬಂದವು. ನಮ್ಮ ಜನ ಎಲ್ಲಕ್ಕೂ ವಿಲ್ಲೀಸ್ ಅಂತಲೇ ಅಂದರು.

17 ಅಕ್ಷರದ ನಂಬರ್ ಪದ್ಧತಿ ಅಮೆರಿಕದಲ್ಲಿ ಕಡ್ಡಾಯ ಆಗಿದ್ದೇ 1981ರಲ್ಲಿ. ಅದಕ್ಕಿಂತ ಹಿಂದೆ ಒಂದೊಂದು ಕಂಪನಿಗೂ ಒಂದೊಂದು ಲೆಕ್ಕ. ಆ ಸೈಟ್‌ಗಳಿಂದ ನಿಮಗೆ ಏನೂ ಸಿಗಲ್ಲ, ಬಿಟ್ಟುಬಿಡಿ.

ಹುಡುಕೋ ಜಾಗ: ಫೋರ್ಡ್ ಆದರೆ ಎಡಗಡೆ ಫ್ರೇಮ್ ರೈಲಿನ (ಗಾಡಿ ಉದ್ದಕ್ಕೂ ಹೋಗೋ ಚಾಸಿಯ ಕಬ್ಬಿಣದ ತೊಲೆ) ಮೇಲ್ಮೈ ಮೇಲೆ, ಮುಂದಿನ ಶಾಕ್ ಅಬ್ಸಾರ್ಬರ್ ಬ್ರಾಕೆಟ್‌ಗೂ ಎಂಜಿನ್ ಮೌಂಟ್‌ಗೂ ನಡುವೆ, ನೇರವಾಗಿ ಕಬ್ಬಿಣಕ್ಕೇ ಹೊಡೆದಿರ್ತಾರೆ. ವಿಲ್ಲೀಸ್ ಆದರೆ ಎಡಗಡೆ ರೈಲಿನ ಒಳಮೈಗೆ, ಮುಂದಿನ ಬಂಪರ್ ಹಿಂದೆ, ಸಣ್ಣ ತಗಡಿನ ಫಲಕ ರಿವೆಟ್ ಮಾಡಿರ್ತಾರೆ. ನೀವು ಬಲಗಡೆ ಎಷ್ಟು ಉಜ್ಜಿದರೂ ಸಿಗಲ್ಲ.

ಉಜ್ಜೋಕೆ ಮುಂಚೆ ಎರಡು ಫೋಟೊ ಕಳಿಸಿ. ರೇಡಿಯೇಟರ್ ಕೆಳಗೆ ಎರಡು ರೈಲನ್ನ ಸೇರಿಸೋ ಮುಂದಿನ ಅಡ್ಡಪಟ್ಟಿಯದು ಒಂದು. ಅದು ದುಂಡನೆ ಪೈಪ್ ಆಗಿದ್ದರೆ ವಿಲ್ಲೀಸ್ ಎಂಬಿ ಫ್ರೇಮು. ಬೋರಲು ಹಾಕಿದ ತೊಟ್ಟಿ ಥರ ಚೌಕ ಇದ್ದರೆ ಎಂಬಿ ಅಂತೂ ಅಲ್ಲ. ಇನ್ನೊಂದು, ಹಳೇ ಬೋಲ್ಟ್‌ಗಳ ತಲೆ. ಫೋರ್ಡ್ ತನ್ನ ಬೋಲ್ಟ್ ತಲೆ ಮೇಲೂ ಎಫ್ ಅಕ್ಷರ ಒತ್ತುತ್ತಿತ್ತು.

ಮದ್ದೂರ್_ಹುಡ್ಗ

ಅಣ್ಣೋ, ನಮ್ ಕಡೆ ಎಲ್ಲಾ ಆಯುಧಪೂಜೆಗೂ ಚಾಸಿಗೆ ಸುಟ್ಟಾಯಿಲ್ ಬಳಿಯೋರು, ಕೆಲವ್ರು ಡಾಂಬರೇ ಬಳ್ದ್‌ಬುಡೋರು ತುಕ್ಕು ಹಿಡೀಬಾರ್ದು ಅಂತ. ನಮ್ಮಪ್ಪಂದೂ ಹಂಗೇ ಇತ್ತು. ನಂಬ್ರು ಅಳ್ಸೋಗಿಲ್ಲ ಕಣಣ್ಣ, ಒಳಗೇ ಮುಚ್ಕೊಂಡ್ ಕುಂತಿರ್ತದೆ. ಎಡಗಡೆ ಸ್ಟೇರಿಂಗ್ ಬಾಕ್ಸ್ ಬ್ಯಾರೆ ಅಲ್ಲೇ ಅಲ್ವಾ, ಗ್ರೀಸು ಸೋರಿ ಸೋರಿ ಮಣ್ಣು ಮೆತ್ಕೊಂಡಿರ್ತದೆ. ಗ್ರೈಂಡರ್ ಮಾತ್ರ ತರ್ಬ್ಯಾಡಿ.

ಚಾಸಿ_ರೈಲ್

ಈ ಮಾತು ಅಕ್ಷರಶಃ ಸರಿ. ಗ್ರೈಂಡರ್, ಸ್ಯಾಂಡ್ ಬ್ಲಾಸ್ಟಿಂಗ್, ಡ್ರಿಲ್‌ಗೆ ಹಾಕಿದ ತಂತಿ ಬ್ರಷ್ ಯಾವುದೂ ಬೇಡ. ಪಂಚ್ ಗುರುತಿನ ಆಳ ಎಷ್ಟೋ ಕಡೆ ಅರ್ಧ ಮಿಲಿಮೀಟರೂ ಇರಲ್ಲ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ನೆನೆಸಿದ ಬಟ್ಟೆಯನ್ನ ರಾತ್ರಿಯೆಲ್ಲ ಆ ಜಾಗದ ಮೇಲೆ ಹಾಸಿಡಿ. ಬೆಳಗ್ಗೆ ಬಿದಿರಿನ ಚಕ್ಕೆಯಿಂದ ಕೆರೆಯಿರಿ. ಆಮೇಲೆ ಹಿತ್ತಾಳೆ ಬ್ರಷ್, ಕೈಯಲ್ಲೇ. ಬಣ್ಣ ಇದ್ದರೆ ಪೇಂಟ್ ರಿಮೂವರ್ ಹಚ್ಚಿ ಕಾಯಿರಿ. ಕಬ್ಬಿಣ ಕಂಡ ಮೇಲೆ ಟಾರ್ಚನ್ನ ನೆಟ್ಟಗೆ ಹಿಡಿಯಬೇಡಿ, ರೈಲಿಗೆ ಸಮವಾಗಿ ಪಕ್ಕದಿಂದ ಓರೆಯಾಗಿ ಬಿಡಿ. ಸಣ್ಣ ಗೀರು ಕೂಡ ನೆರಳು ಬೀಳಿಸುತ್ತೆ.

ಮಾಡೆಲ್‌ಎ_ಮೈಸೂರು

ನಿಮ್ಮ ಮನಸ್ಸು ಒಪ್ಪಲಿಲ್ಲ ಅಂದಿರಲ್ಲ, ಆ ಒಂದು ಮಾತಿಗೆ ನಾನು ಇದನ್ನ ಬರೀತಿದೀನಿ. ನನ್ನ ಗಾಡಿ ನಾಲ್ಕು ವರ್ಷದಿಂದ ರಸ್ತೆಗೆ ಇಳಿದಿಲ್ಲ, ಕಾರಣ ಯಾರೋ ಹಿಂದೆ ಒಂದು ಪಂಚ್ ಹೊಡೆದದ್ದು.

ನನ್ನದು ಫೋರ್ಡ್ ಮಾಡೆಲ್ ಎ ಕಾರು. ಇದರಲ್ಲಿ ನಂಬರಿನ ಕಥೆ ಹೀಗೆ: ಎಂಜಿನ್ ಬ್ಲಾಕಿನ ಎಡಗಡೆ, ರೇಡಿಯೇಟರಿಂದ ನೀರು ಒಳಗೆ ಬರೋ ಪೈಪಿನ ಮೇಲ್ಭಾಗದಲ್ಲಿ ಒಂದು ಚಪ್ಪಟೆ ಉಬ್ಬು ಇರುತ್ತೆ, ಅದರ ಮೇಲೆ ನಂಬರ್. ಆ ಎಂಜಿನ್ ಕಾರ್ಖಾನೆಯಲ್ಲಿ ಯಾವ ಫ್ರೇಮಿಗೆ ಕೂತಿತೋ ಆ ಫ್ರೇಮಿನ ಎಡ ರೈಲಿನ ಮೇಲೂ ಅದೇ ನಂಬರ್ ಹೊಡೆಯೋರು, ಹಿಂದೆ ಮುಂದೆ ಒಂದೊಂದು ನಕ್ಷತ್ರ. ಆದರೆ ಫ್ರೇಮಿನ ನಂಬರ್ ಬಾಡಿ ಅಡಿಯಲ್ಲಿ ಸಿಕ್ಕಿಕೊಂಡಿರುತ್ತೆ. ಬಾಡಿ ಬೋಲ್ಟ್ ಬಿಚ್ಚಿ ಎತ್ತಿದರೆ ಮಾತ್ರ ಪೂರ್ತಿ ಕಾಣೋದು. ಹಾಗಾಗಿ ಎಲ್ಲರೂ ನೋಡೋದು ಎಂಜಿನ್ ನಂಬರೊಂದನ್ನೇ.

ನಾನೂ ಹಾಗೇ ಮಾಡಿದೆ. ಎಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ಆಯಿತು, ಕೈಮುಗಿದು ದುಡ್ಡು ಕೊಟ್ಟು ತಂದೆ. ಎರಡು ವರ್ಷದ ಮೇಲೆ ಬಾಡಿ ಎತ್ತಿಸಿದಾಗ ಫ್ರೇಮಿನ ಮೇಲೆ ಬೇರೆಯೇ ನಂಬರ್! ಅದು ಸಿಎ ಅಂತ ಶುರು. ಸಿಎ ಅಂದರೆ ಕೆನಡಾದ ಫೋರ್ಡ್. ನಮ್ಮ ದೇಶದ ಫೋರ್ಡ್ ಕಂಪನಿ 1926ರಲ್ಲಿ ಬಾಂಬೆಯಲ್ಲಿ ಶುರುವಾಗಿದ್ದು ಕೆನಡಾ ಫೋರ್ಡ್‌ನ ಅಂಗವಾಗಿ, ಇಲ್ಲಿಗೆ ಗಾಡಿ ಬಂದದ್ದೂ ಅಲ್ಲಿಂದ. ಅಂದ ಮೇಲೆ ನನ್ನ ಫ್ರೇಮೇ ಸಾಚಾ. ಬ್ಲಾಕಿನ ಮೇಲೆ ಇದ್ದದ್ದು ಬರೀ ಎ, ಸಿ ಇಲ್ಲ. ಆಮೇಲೆ ಭೂತಗನ್ನಡಿ ಇಟ್ಟು ನೋಡಿದರೆ ಆ ಉಬ್ಬನ್ನ ಸವೆಸಿ ನುಣುಪು ಮಾಡಿ ಹೊಸದಾಗಿ ಹೊಡೆದಿದ್ದಾರೆ. ಒಂದು ಕಡೆ ಆರ್‌ಸಿಗೆ ಹೊಂದೋ ಸುಳ್ಳು ನಂಬರ್, ಇನ್ನೊಂದು ಕಡೆ ಯಾವ ಕಾಗದದಲ್ಲೂ ಇಲ್ಲದ ನಿಜ ನಂಬರ್. ಮಾರಿದವರಿಗೂ ಗೊತ್ತಿರಲಿಲ್ಲವೇನೋ. ಈಗ ನಾನು ಯಾವ ಆಫೀಸಿಗೆ ಹೋದರೂ ಮೊದಲು ನನ್ನನ್ನೇ ಅನುಮಾನದಿಂದ ನೋಡ್ತಾರೆ.

ಅದಕ್ಕೇ ಹೇಳ್ತೀನಿ, ಕಾಗದ ತಪ್ಪಿದ್ದರೆ ಕಾಗದವನ್ನ ತಿದ್ದಿಸಬಹುದು. ಕಬ್ಬಿಣವನ್ನ ಕಾಗದಕ್ಕೆ ಹೊಂದಿಸಲು ಹೋದರೆ ಆ ಗಾಡಿಯ ಹುಟ್ಟು ಗುರುತೇ ಹೋಗುತ್ತೆ, ಮತ್ತೆ ಯಾರೂ ತಂದುಕೊಡಲಾರರು.

ಅಂದಹಾಗೆ 1932ರಿಂದ ಮುಂದಿನ ಫೋರ್ಡ್ ವಿ8 ಯಾರ ಹತ್ತಿರವಾದರೂ ಇದ್ದರೆ ಬ್ಲಾಕಿನ ಮೇಲೆ ನಂಬರ್ ಹುಡುಕಬೇಡಿ, ಅಲ್ಲಿ ಇರಲ್ಲ. ಕ್ಲಚ್ ಹೌಸಿಂಗ್ ಮೇಲ್ಭಾಗದಲ್ಲಿ ಮತ್ತು ಎಡ ರೈಲಿನ ಮೇಲೆ. ರೈಲಿನ ಮೇಲೆ ಮೂರು ಕಡೆ: ಮುಂದೆ ಸ್ಟೇರಿಂಗ್ ಬಾಕ್ಸ್ ಹತ್ತಿರ, ನಡುವೆ ಬಾಡಿ ಅಡಿ, ಹಿಂದೆ ಆಕ್ಸಲ್ ಮೇಲೆ ರೈಲು ಬಾಗುವ ಜಾಗ. ಮೋಸ ಮಾಡೋರು ಮುಂದಿನದನ್ನ ಮಾತ್ರ ಮುಟ್ಟಿರ್ತಾರೆ. ಬಾಡಿ ಅಡಿಯದು ಸತ್ಯ ಹೇಳುತ್ತೆ.

ಫಿಯೆಟ್_ಮನೆ (ಸರಸ್ವತಿಪುರಂ)

ನಡುವೆ ಕೇಳ್ತಿರೋದಕ್ಕೆ ಕ್ಷಮಿಸಿ. ನಮ್ಮ ಮಾವನವರ ಫಿಯೆಟ್ 1100 ಇದೆ. ಅದರ ಫ್ರೇಮ್ ನಂಬರ್ ಎಲ್ಲಿ ನೋಡಲಿ?

ಚಾಸಿ_ರೈಲ್

ಮೇಡಂ, ಫಿಯೆಟ್ 1100ಗೂ ಅಂಬಾಸಿಡರ್‌ಗೂ ಪ್ರತ್ಯೇಕ ಫ್ರೇಮ್ ಇಲ್ಲ, ಬಾಡಿಯೇ ಚಾಸಿ. ಬಾನೆಟ್ ಎತ್ತಿ ಎಂಜಿನ್ ಹಿಂದಿನ ಫೈರ್‌ವಾಲ್ ನೋಡಿ. ಅಲ್ಲಿ ಎರಡು ಇರಬಹುದು, ತಗಡಿನ ಫಲಕ ಮತ್ತು ಬಾಡಿಗೇ ಒತ್ತಿದ ಅಂಕಿ. ಬಾಡಿಗೆ ಒತ್ತಿದ್ದನ್ನೇ ನಂಬಿ. ಫಲಕ ಎರಡು ರಿವೆಟ್ ತೆಗೆದರೆ ಕೈಗೆ ಬರುತ್ತೆ.

ಜೀಪಿಗೂ ಇದೇ ಮಾತು. ಗ್ಲವ್ ಬಾಕ್ಸ್ ಬಾಗಿಲ ಮೇಲಿರೋ ಮಿಲಿಟರಿ ಫಲಕದಲ್ಲಿ ನಂಬರ್, ಸೇನೆಗೆ ಕೊಟ್ಟ ದಿನಾಂಕ ಎರಡೂ ಇರ್ತವೆ, ನೋಡೋಕೆ ಬಹಳ ಚೆಂದ. ಆದರೆ ಅಂಥವು ಹೊಸದಾಗಿ ಮಾಡಿದವು ಈಗ ಧಾರಾಳ ಸಿಗ್ತವೆ. ಜೀಪಿನ ಇಡೀ ಬಾಡಿಯೇ ಫಿಲಿಪೈನ್ಸ್‌ನಲ್ಲಿ ಹೊಸದಾಗಿ ತಯಾರಾಗುತ್ತೆ. ಫಲಕ ಒಂದು ಸುಳಿವು ಅಷ್ಟೇ, ಸಾಕ್ಷಿ ಅಲ್ಲ.

ನಿವೃತ್ತ_ಇನ್‌ಸ್ಪೆಕ್ಟರ್

ಮೋಟಾರು ವಾಹನ ನಿರೀಕ್ಷಕನಾಗಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದವನು ನಾನು. ನಂಬರ್ ಸಿಕ್ಕಿದ ಮೇಲೆ ಅದು ಅಸಲಿಯೋ ಅಲ್ಲವೋ ಅಂತ ನೋಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಕಣ್ಣಿಗಿಂತ ಬೆರಳು. ಕಣ್ಣು ಮುಚ್ಚಿ ರೈಲಿನ ಮೇಲೆ ಬೆರಳ ತುದಿ ಎಳೆಯಿರಿ. ನಂಬರ್ ಇರುವ ಕಡೆ ಮಾತ್ರ ತಗ್ಗಾಗಿದ್ದರೆ ಅಲ್ಲಿ ಯಾರೋ ಸವೆಸಿದ್ದಾರೆ. ಸುತ್ತ ಚೌಕಾಕಾರದ ಏಣು ಸಿಕ್ಕಿದರೆ ಬೇರೆ ಫ್ರೇಮಿನಿಂದ ತುಂಡು ಕತ್ತರಿಸಿ ತಂದು ವೆಲ್ಡ್ ಮಾಡಿದ್ದಾರೆ ಅಂತ ಅನುಮಾನಿಸಬೇಕು. ರೈಲಿನ ಕೆಳಗಿನಿಂದಲೂ ಕೈಯಾಡಿಸಿ. ಮೇಲೆ ನುಣುಪು ಮಾಡಿದ ವೆಲ್ಡಿಂಗ್ ಕೆಳಗೆ ಗಂಟು ಗಂಟಾಗಿ ಉಳಿದಿರುತ್ತದೆ.

ಆಮೇಲೆ ತುಕ್ಕು. ಎಪ್ಪತ್ತು ಎಂಬತ್ತು ವರ್ಷದ ಗಾಡಿಯಲ್ಲಿ ಅಂಕಿಯ ಒಳಗಿನ ತುಕ್ಕೂ ಹೊರಗಿನ ತುಕ್ಕೂ ಒಂದೇ ವಯಸ್ಸಿನದಾಗಿರಬೇಕು. ರೈಲೆಲ್ಲ ಗುಳಿ ಬಿದ್ದು ಅಂಕಿಗಳ ಅಂಚು ಮಾತ್ರ ಚೂಪಾಗಿದ್ದರೆ ಅದು ಹೊಸದು.

ಮೂರನೆಯದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಹಳೆಯ ಕಾಲದಲ್ಲಿ ಒಂದೊಂದು ಅಂಕಿಯನ್ನೂ ಕೈಯಿಂದ ಸುತ್ತಿಗೆಯಲ್ಲಿ ಹೊಡೆದ ಕಡೆ ಸಾಲು ಸ್ವಲ್ಪ ಡೊಂಕಿರುತ್ತದೆ, ಒಂದು ಅಂಕಿ ಆಳ, ಒಂದು ಮೇಲು. ಅದು ದೋಷವಲ್ಲ. ಆದರೆ ಒಂದೇ ಅಂಕಿ ಎರಡು ಸಲ ಬಂದಿದ್ದರೆ ಅವೆರಡೂ ಒಂದೇ ಪಂಚಿನಿಂದ ಬಂದವು. ಆ ಪಂಚಿನ ಮೂತಿಯಲ್ಲಿ ಒಂದು ಸಣ್ಣ ಮುಕ್ಕು ಇದ್ದರೆ ಅದು ಎರಡರಲ್ಲೂ ಒಂದೇ ಜಾಗದಲ್ಲಿ ಕಾಣಬೇಕು. ಕಾಣದಿದ್ದರೆ ಯಾರೋ ಒಂದು ಅಂಕಿಯನ್ನು ತಿದ್ದಿದ್ದಾರೆ. 3ನ್ನು 8 ಮಾಡುವುದು, 1ನ್ನು 4 ಮಾಡುವುದು ನಾನು ಕಂಡಿದ್ದೇನೆ.

ಕಾಗದದ ವಿಷಯ: ಕೈಯಲ್ಲಿರುವ ಆರ್‌ಸಿಯನ್ನೇ ಮೂಲ ಅಂದುಕೊಳ್ಳಬೇಡಿ. ನೋಂದಣಿ ಆದ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅಲ್ಲಿನ ನೋಂದಣಿ ರಿಜಿಸ್ಟರಿನ ನಕಲು, ತೆಗೆಸಿ. ಹಳೆಯ ರಿಜಿಸ್ಟರು ಕೈಬರಹದ್ದು. ಡೂಪ್ಲಿಕೇಟ್ ಆರ್‌ಸಿ ಮಾಡುವಾಗ, ಆಮೇಲೆ ಕಂಪ್ಯೂಟರಿಗೆ ಏರಿಸುವಾಗ ಅಕ್ಷರಗಳು ತಪ್ಪುತ್ತವೆ.

ಮದ್ದೂರ್_ಹುಡ್ಗ

ಸಾರ್, ಪೂರ್ತಿ ಸವ್ದೋಗಿದ್ರೆ ಆಸಿಡ್ ಹಾಕಿದ್ರೆ ಕಾಣ್ತದೆ ಅಂತಾರಲ್ಲ, ನಿಜವಾ?

ನಿವೃತ್ತ_ಇನ್‌ಸ್ಪೆಕ್ಟರ್

ನಿಜ. ಪಂಚ್ ಹೊಡೆದಾಗ ಅಂಕಿಯ ಗುಳಿಯಷ್ಟೇ ಅಲ್ಲ, ಅದರ ಕೆಳಗಿನ ಲೋಹವೂ ಒತ್ತಿ ಗಟ್ಟಿಯಾಗುತ್ತದೆ. ಮೇಲ್ಮೈ ಸವೆದುಹೋದರೂ ಆ ಒತ್ತಿದ ಪದರ ಉಳಿದಿದ್ದರೆ, ಆಮ್ಲದ ದ್ರಾವಣ ಅದನ್ನೂ ಸುತ್ತಲಿನ ಲೋಹವನ್ನೂ ಬೇರೆ ಬೇರೆ ವೇಗದಲ್ಲಿ ತಿನ್ನುತ್ತದೆ, ಅಂಕಿ ಸ್ವಲ್ಪ ಹೊತ್ತು ಮೂಡುತ್ತದೆ. ಉಕ್ಕಿನ ಮೇಲೆ ಕಾಂತದ ಪುಡಿಯ ವಿಧಾನವೂ ಇದೆ. ಆದರೆ ಇದು ವಿಧಿವಿಜ್ಞಾನ ಪ್ರಯೋಗಾಲಯದವರ ಕೆಲಸ. ಮನೆಯಲ್ಲಿ ಮಾಡಿದರೆ ಒಂದು ಸಲ ಮೂಡಿದ್ದು ಮತ್ತೆ ಸಿಗದೇ ಹೋಗಬಹುದು, ನಿಮ್ಮ ಕೈಯೂ ಸುಡುತ್ತದೆ.

ಆಲೆಮನೆ_ಜೀಪು

ಹದಿನೈದು ದಿನ ಆಯ್ತು, ಕಬ್ಬು ಕಡಿಸೋ ಕೆಲಸ ಇತ್ತು. ಈಗ ಬರೀತಿದೀನಿ, ಕೈ ಇನ್ನೂ ಸೀಮೆಎಣ್ಣೆ ವಾಸನೆ.

ಅಡ್ಡಪಟ್ಟಿ ಚೌಕ ಇದೆ. ಎಡಗಡೆ ಸ್ಪ್ರಿಂಗ್ ಬ್ರಾಕೆಟ್ಟಿನ ಎರಡು ಬೋಲ್ಟ್ ತಲೆಯಲ್ಲಿ ಎಫ್ ಸಿಕ್ತು. ತಂಗಿ ಕಿರುಚಿಬಿಟ್ಟಳು.

ಎಡ ರೈಲಿನ ಮೇಲೆ ಒಂದು ಬೆರಳು ದಪ್ಪ ಗಟ್ಟಿ ಗ್ರೀಸು ಮಣ್ಣು. ಎರಡು ರಾತ್ರಿ ಬಟ್ಟೆ ನೆನೆಸಿಟ್ಟೆ. ಬಿದಿರು ಚಕ್ಕೆಯಲ್ಲಿ ಎಬ್ಬಿಸಿದರೆ ಮೊದಲು ಡಾಂಬರು ಬಿಲ್ಲೆ ಬಿಲ್ಲೆಯಾಗಿ ಬಂತು, ಅದರ ಕೆಳಗೆ ಅಪ್ಪ ಹೊಡೆಸಿದ್ದ ಕರಿ ಬಣ್ಣ, ಅದರ ಕೆಳಗೆ ಒಂದು ನೀಲಿ, ಎಲ್ಲಕ್ಕಿಂತ ಕೆಳಗೆ ಮಿಲಿಟರಿ ಹಸಿರು. ಆ ಹಸಿರು ಕಂಡಾಗ ಒಂದು ನಿಮಿಷ ಹಾಗೇ ಕೂತೆ. ತಾತನಿಗಿಂತ ಮುಂಚಿನದು ಅದು.

ಆಮೇಲೆ ಟಾರ್ಚ್ ಓರೆಯಾಗಿ ಬಿಟ್ಟೆ. ಮೊದಲು ಕಂಡದ್ದು ಡಬ್ಲ್ಯು ಅಕ್ಷರದ ಮೊನೆಗಳು. ಅಮ್ಮ ಒಳಗಿಂದ ರಂಗೋಲಿ ಪುಡಿ ತಂದು ಕೊಟ್ಟರು, “ಇದನ್ನ ತುಂಬಿ ನೋಡೋ” ಅಂತ. ಬೆರಳಲ್ಲಿ ಉಜ್ಜಿ ಮೇಲಿನದನ್ನ ಒರೆಸಿದರೆ ಬಿಳಿಯಾಗಿ ಎದ್ದು ಬಂತು: ಜಿಪಿಡಬ್ಲ್ಯು 9, ಆಮೇಲೆ ಒಂದು ಅಂಕಿ, ಆಮೇಲೆ ಕೊನೆಯ ಮೂರು.

ಆ ಎರಡನೇ ಅಂಕಿಯೇ ಸಮಸ್ಯೆ. ಆರ್‌ಸಿಯಲ್ಲಿ 3. ಇಲ್ಲಿ ಬಲಗಡೆ ಎರಡು ಬಳುಕು ಆಳವಾಗಿ ಕಾಣುತ್ತೆ, ಎಡಗಡೆ ತುಕ್ಕಿನ ಗುಳಿ. ಅಂಕಿ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದಾಗ ಎಡಕ್ಕೆ ತೀರಾ ತೆಳುವಾಗಿ ಎರಡು ಕಮಾನು ಬಂದವು. 8 ಅಂತ ಅನ್ಸುತ್ತೆ, ಆದರೆ ನನಗೆ ಬೇಕಾದ್ದನ್ನೇ ನಾನು ನೋಡ್ತಿದೀನೇನೋ ಅಂತ ಭಯ. ಯಾರಾದರೂ 3ನ್ನು 8 ಮಾಡೋಕೆ ಹೋಗಿರಬಹುದಾ?

ನಿವೃತ್ತ_ಇನ್‌ಸ್ಪೆಕ್ಟರ್

ಕೊನೆಯ ಮೂರು ಅಂಕಿಗಳಲ್ಲಿ 8 ಇದೆಯೇ? ಇದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಆಲೆಮನೆ_ಜೀಪು

ಇದೆ ಸಾರ್, ಒಂದು 8 ಇದೆ, ಚೆನ್ನಾಗಿ ಬಿದ್ದಿದೆ. ಅದರ ನಡು, ಎರಡು ಸೊನ್ನೆ ಸೇರೋ ಜಾಗದಲ್ಲಿ ಬಲಕ್ಕೆ ಒಂದು ಸಣ್ಣ ಮುಕ್ಕು, ಸಾಸಿವೆ ಕಾಳಿನ ಕಾಲುಭಾಗದಷ್ಟು. ಈಗ ಮತ್ತೆ ಕೊಟ್ಟಿಗೆಗೆ ಹೋಗಿ ಎರಡನೇ ಅಂಕಿ ನೋಡಿ ಬಂದೆ. ಅದೇ ಜಾಗ, ಅದೇ ಮುಕ್ಕು! ಎತ್ತರ ಅಗಲ ಕೂಡ ಒಂದೇ. ಪಂಚು ಬಲಕ್ಕೆ ವಾಲಿದ್ದರಿಂದ ಎಡಗಡೆ ಮೇಲುಮೇಲೆ ಬಿದ್ದಿದೆ.

ಚಾಸಿ_ರೈಲ್

ಹಾಗಿದ್ದರೆ 8 ಅನ್ನೋದರಲ್ಲಿ ಸಂಶಯ ಬೇಡ. ಆರ್‌ಸಿಯಲ್ಲಿ ವಿಲ್ಲೀಸ್ ಅಂತ ಯಾಕೆ ಬಂತು ಅನ್ನೋದೂ ಬಿಡಿಸಿಕೊಂಡಿತು. ಫೋರ್ಡ್ ಜೀಪುಗಳಲ್ಲಿ ಕಾರ್ಖಾನೆಯಿಂದ ಬರುವಾಗ ಎಂಜಿನ್ ನಂಬರ್, ಫ್ರೇಮ್ ನಂಬರ್ ಒಂದೇ ಇರ್ತಿತ್ತು. ನಿಮ್ಮದರಲ್ಲಿ ಎಂಜಿನ್ ಎಂಬಿ, ಅಂದರೆ ವಿಲ್ಲೀಸ್‌ನದು. ಸೇನೆಯ ವರ್ಕ್‌ಶಾಪ್‌ಗಳಲ್ಲಿ ಕೆಟ್ಟ ಎಂಜಿನ್ ಇಳಿಸಿ ರಿಪೇರಿಯಾದ ಇನ್ನೊಂದನ್ನ ಕೂರಿಸೋದು ದಿನನಿತ್ಯದ ಕೆಲಸ. ಭಾಗಗಳು ಅದಲುಬದಲು ಹೊಂದಬೇಕು ಅಂತಲೇ ಎರಡೂ ಕಂಪನಿ ಒಂದೇ ನಕ್ಷೆಯಲ್ಲಿ ಮಾಡಿದ್ದು. ಎಂಜಿನ್ ನೋಡಿ ಯಾರೋ ತಯಾರಕರು ವಿಲ್ಲೀಸ್ ಅಂತ ಬರೆದರು. ನಿಮ್ಮ ತಾತನ ಕೈಗೆ ಬರುವಾಗಲೇ ಹಾಗಿತ್ತು ಅನ್ನೋದಕ್ಕೆ ಆರ್‌ಸಿಯ ಎಂಜಿನ್ ನಂಬರೇ ಸಾಕ್ಷಿ. ಎಷ್ಟೋ ಜೀಪಿಗೆ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿಬಿಟ್ಟರು, ನಿಮ್ಮವರು ಹಾಗೆ ಮಾಡದೆ ಉಳಿಸಿಕೊಂಡದ್ದು ದೊಡ್ಡದು.

ನಿವೃತ್ತ_ಇನ್‌ಸ್ಪೆಕ್ಟರ್

ವಿಂಟೇಜ್ ನಿಯಮಕ್ಕೂ ಅದೇ ಮುಖ್ಯ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ್ದರ ಪ್ರಕಾರ ಗಾಡಿಗೆ 50 ವರ್ಷ ಮೀರಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ಈಗಾಗಲೇ ನೋಂದಣಿ ಇರುವ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಎಂವೈ ಅಕ್ಷರದ ಹಳೆಯ ಮೈಸೂರು ರಾಜ್ಯದ ನಂಬರ್ ನಿಮ್ಮದಾಗಿದ್ದರೆ ಬಿಟ್ಟುಕೊಡಬೇಡಿ. ಆದರೆ ಅದಕ್ಕೆ ಅರ್ಜಿ ಹಾಕುವ ಮುಂಚೆ ಚಾಸಿ ನಂಬರಿನ ತಿದ್ದುಪಡಿ ಮುಗಿಯಬೇಕು. ಬಿ ಎಕ್ಸ್‌ಟ್ರಾಕ್ಟ್ ಏನಾಯಿತು?

ಆಲೆಮನೆ_ಜೀಪು

ನಿನ್ನೆ ಕೈಗೆ ಬಂತು ಸಾರ್. ಹಳೇ ರಿಜಿಸ್ಟರ್ ಪುಟದ ನಕಲಲ್ಲಿ ನೀಲಿ ಮಸಿ, ಓರೆ ಅಕ್ಷರ. ಮೊದಲಕ್ಷರ ಸ್ಪಷ್ಟವಾಗಿ ಜಿ, ಬಾಲ ಇದೆ. ಎರಡನೇ ಅಂಕಿ 8, ಮೇಲ್ಗಡೆ ಸ್ವಲ್ಪ ಬಾಯಿ ಬಿಟ್ಟುಕೊಂಡಿದೆ, ಅವಸರದಲ್ಲಿ ಓದಿದರೆ 3 ಅಂತಲೇ ಅನ್ನಬೇಕು. ಕೊನೆಯ ಮೂರು ಅಂಕಿ ಫ್ರೇಮಿನ ಜೊತೆ ಸರಿಹೋಯ್ತು. ಕೆಳಗೆ ತಾತನ ಸಹಿ ಇದೆ. ಅವರು ಸಹಿ ಹಾಕ್ತಿದ್ದರು ಅಂತಲೇ ನನಗೆ ಗೊತ್ತಿರಲಿಲ್ಲ, ಮನೆ ಪತ್ರದಲ್ಲೆಲ್ಲ ಹೆಬ್ಬೆಟ್ಟೇ ನೋಡಿದ್ದು.

ಮಾಡೆಲ್‌ಎ_ಮೈಸೂರು

ಬಹಳ ಸಂತೋಷ ಆಯ್ತು. ನಾನೂ ನಾಳೆ ನನ್ನ ಫ್ರೇಮಿನ ಸಿಎ ನಂಬರ್ ಬರ್ಕೊಂಡು, ಅದರ ಮೇಲೆ ಎಲ್ಲಾದರೂ ಹಳೇ ನೋಂದಣಿ ಇದೆಯಾ ಅಂತ ಅರ್ಜಿ ಹಾಕ್ತೀನಿ. ಇಷ್ಟು ದಿನ ಎಂಜಿನ್ ನಂಬರನ್ನೇ ಹಿಡ್ಕೊಂಡು ಕೂತಿದ್ದೆ.

ಆಲೆಮನೆ_ಜೀಪು

ಸೋಮವಾರ ಟ್ರೈಲರ್ ಮೇಲೆ ಹಾಕ್ಕೊಂಡು ಹೋಗ್ತೀವಿ, ಇನ್ಶೂರೆನ್ಸ್ ಇನ್ನೂ ಆಗಿಲ್ಲ. ತುಕ್ಕು ಹಿಡಿಯದ ಹಾಗೆ ಆ ಜಾಗಕ್ಕೆ ಪ್ರೈಮರ್ ಹೊಡೀಲಾ ಸಾರ್?

ನಿವೃತ್ತ_ಇನ್‌ಸ್ಪೆಕ್ಟರ್

ಬೇಡ. ಬಣ್ಣ ತುಂಬಿದರೆ ಆ ಮುಕ್ಕು ಕಾಣುವುದಿಲ್ಲ. ರಂಗೋಲಿ ಪುಡಿ ಮೆತ್ತಗೆ ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಪೆನ್ಸಿಲ್ ಪ್ರಿಂಟ್ ಮೂರು ಪ್ರತಿ, ಪಕ್ಕದ ಬೆಳಕಿನಲ್ಲಿ ತೆಗೆದ ಫೋಟೊ, ಬಿ ಎಕ್ಸ್‌ಟ್ರಾಕ್ಟ್, ಆರ್‌ಸಿ ಒಂದೇ ಕವರಿನಲ್ಲಿರಲಿ. ಒಂದು ಸಣ್ಣ ಟಾರ್ಚ್, ಹಳೆ ಬಟ್ಟೆ, ಭೂತಗನ್ನಡಿ ನೀವೇ ತೆಗೆದುಕೊಂಡು ಹೋಗಿ. ನಿರೀಕ್ಷಕರ ಎದುರಿಗೇ ಗ್ರೀಸ್ ಒರೆಸಿ, ಮೊದಲು ಕೊನೆಯ 8 ತೋರಿಸಿ, ಆಮೇಲೆ ಎರಡನೆಯದು.